ಖಂಡೆ ಪೂಜೆಗೆ ಕೂತ ಎಂಟು ಡಿಸ್ಕುಗಳು

ನಮ್ಮ ಅತ್ತೆ ಪಾರವ್ವನವರಿಗೆ ಯಾವ ಕೆಲಸವನ್ನೂ ಅರ್ಧಮರ್ಧ ಮಾಡಿ ಗೊತ್ತಿಲ್ಲ. ಬೇರೆಯವರ ಮನೆಯಲ್ಲಿ ದಸರೆಯ ಖಂಡೆ ಪೂಜೆ ಎಂದರೆ ಬೈಕಿಗೊಂದು ಹಾರ, ಮಿಕ್ಸರಿಗೊಂದು ಹೂವು, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಈಳಿಗೆ, ಕುಡಗೋಲು, ಕತ್ತರಿ, ಹೊಲಿಗೆ ಯಂತ್ರದ ಸೂಜಿ, ಎಲ್ಲಕ್ಕೂ ಬೇರೆ ಬೇರೆ ಸ್ನಾನ, ಬೇರೆ ಬೇರೆ ವಿಭೂತಿ. ಹೋದ ವರ್ಷ ಟಿ.ವಿ. ರಿಮೋಟಿನ ಸೆಲ್ಲುಗಳನ್ನೂ ಹೊರಗೆ ತೆಗೆದು ಮಣೆಯ ಮೇಲೆ ಕೂರಿಸಿದ್ದರು. ಇದೇನ್ರಿ ಎಂದು ಕೇಳಿದರೆ, "ಹೊರಗಿನವರಿಗೆ ಹೂವು, ಒಳಗ ದುಡಿಯೋರಿಗೆ ಉಪಾಸ, ಇದ್ಯಾವ ನ್ಯಾಯ ಸುಜಾತಾ?" ಎಂದು ನನ್ನನ್ನೇ ಕೇಳಿದ್ದರು. ಆ ಮಾತಿಗೆ ನಾನು ನಕ್ಕಿದ್ದೆ. ಈ ವರ್ಷ ನಗಲಿಲ್ಲ.

ಗೋಕಾಕದಲ್ಲಿ ನಮ್ಮದು ವಿಡಿಯೋ ಮಿಕ್ಸಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನ್ನ ಗಂಡ ಕಾಶಿನಾಥ ಕ್ಯಾಮೆರಾ ಹೊತ್ತು ಊರೂರು ತಿರುಗುತ್ತಾರೆ. ಅವರು ತಂದದ್ದನ್ನೂ, ಮೂಡಲಗಿ, ಹುಕ್ಕೇರಿ, ಘಟಪ್ರಭಾ ಕಡೆಯ ಫೋಟೋಗ್ರಾಫರುಗಳು ಕಳಿಸಿದ್ದನ್ನೂ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ, ಮುನಿಸಿಕೊಂಡ ಬೀಗರನ್ನು ತೆಗೆದು ನಗುವ ಬೀಗರನ್ನು ಉಳಿಸುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಓಣಿಯವರ ದೂರು. ಮದುವೆಯಾಗಿ ಆರು ತಿಂಗಳ ಮೇಲೆ ಬಂದು "ಆ ನೀಲಿ ಸೀರಿ ಉಟ್ಟಾಕಿನ್ನ ತಗದ ಹಾಕ್ರಿ" ಎನ್ನುವವರ ಜೊತೆ ದಿನಾ ಏಗಿ ನೋಡಲಿ, ಆಮೇಲೆ ಮಾತಾಡಲಿ.

ಈ ಎಲ್ಲ ಮದುವೆಗಳೂ ಇರುವುದು ಮೇಜಿನ ಕೆಳಗಿನ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಅದರೊಳಗೆ ಎಂಟು ಹಾರ್ಡ್ ಡಿಸ್ಕುಗಳು. ಹಿಡಿಕೆ ಎಳೆದರೆ ಒಂದೊಂದೂ ತನ್ನ ಗೂಡಿನಿಂದ ಸರ್ರನೆ ಹೊರಗೆ ಬರುತ್ತದೆ. ಅದನ್ನು ಹೊಂದಿಸಿಕೊಟ್ಟವಳು ಆಮ್ರಪಾಲಿ. ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತನ್ನ ಮದುವೆಯ ವಿಡಿಯೋ ಒಯ್ಯಲು ಬಂದವಳು, ನನ್ನ ಡ್ರಾದಲ್ಲಿ ಹೇಗೆ ಬೇಕೋ ಹಾಗೆ ಬಿದ್ದಿದ್ದ ಡಿಸ್ಕುಗಳನ್ನು ನೋಡಿ, "ಅಕ್ಕಾ, ಇದು ಮಿಕ್ಸಿಂಗ್ ಅಂಗಡ್ಯೋ ಗುಜರಿ ಅಂಗಡ್ಯೋ?" ಎಂದಳು. ನನಗೆ ಅಂದೇ ಅವಳು ಹಿಡಿಸಿಬಿಟ್ಟಳು. ಮುಂದಿನ ಭಾನುವಾರ ಬಂದು ಪೆಟ್ಟಿಗೆ ಕೂರಿಸಿ ಹೋದಳು.

ಆ ಪೆಟ್ಟಿಗೆಯಲ್ಲಿ ನಮ್ಮ ಮನೆಯದೇ ಒಂದು ಮದುವೆ ಇತ್ತು. ಎರಡು ವರ್ಷದ ಹಿಂದೆ ನನ್ನ ಮೈದುನ ಮಲ್ಲೇಶನ ಮದುವೆ ಹುಕ್ಕೇರಿಯಲ್ಲಿ ಆಯಿತು. ಊರವರ ಮದುವೆಗಳನ್ನೆಲ್ಲ ಹೇಳಿದ ದಿನಕ್ಕೆ ಮುಗಿಸಿಕೊಡುವ ನಾನು ಮನೆಯ ಮದುವೆಯನ್ನು ಮುಟ್ಟಿಯೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದರೆ ಇದೇ. ಕ್ಯಾಮೆರಾದ ಕಾರ್ಡುಗಳನ್ನು ಆ ವಾರವೇ ಅಳಿಸಿ ಬೇರೆ ಮದುವೆಗೆ ಬಳಸಿಯಾಗಿತ್ತು. ಯಾರಿಗೂ ಒಂದು ಕಾಪಿ ಕೊಟ್ಟಿರಲಿಲ್ಲ. ಎಂಟು ಡಿಸ್ಕು ಇರುವಾಗ ಏನಾಗುತ್ತದೆ ಎಂಬ ಧೈರ್ಯ ನನಗೆ.

ಆ ಮದುವೆಯ ಅರಿಷಿಣದ ದಿನ ಭರಮವ್ವ ದೊಡ್ಡವ್ವ ಹಾಡಿದ್ದರು. ಭರಮವ್ವ ಎಂದರೆ ಅತ್ತೆಯ ಅಕ್ಕ, ಮೂಡಲಗಿಯಲ್ಲಿರುತ್ತಾರೆ. ಸೋಬಾನ ಪದ ಹಾಡುವುದು ಇಬ್ಬರ ಕೆಲಸ. ಒಬ್ಬರು ಸಾಲು ಹೇಳಿಕೊಡಬೇಕು, ಇನ್ನೊಬ್ಬರು ಅದೇ ಸಾಲನ್ನು ಎತ್ತಿ ಹಾಡಬೇಕು. ಅಕ್ಕ ತಂಗಿ ಹುಡುಗಿಯರಾಗಿದ್ದಾಗಿನಿಂದ ಮುಂದೆ ಹೇಳುವವರು ಭರಮವ್ವ, ಹಿಂದೆ ಎತ್ತುವವರು ನಮ್ಮ ಅತ್ತೆ. ಎಂದೂ ಅದಲು ಬದಲಾಗಿಲ್ಲ. ಆ ಮದುವೆಯ ಮರುವರ್ಷ ದೊಡ್ಡವ್ವನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರೆ ಮಾತ್ರ ಕೇಳಿಸುತ್ತದೆ.

ದೊಡ್ಡವ್ವನ ಮೊಮ್ಮಗಳು ನೇತ್ರಾಳ ಮದುವೆ ದೀಪಾವಳಿಯಾದ ಮೇಲೆ ಎಂದು ಗೊತ್ತಾಗಿತ್ತು. ಆ ಹುಡುಗಿ ಹಟಮಾರಿ. "ಆಯಿ ಹಾಡ ಕೇಳಲಾರದ ನಾ ಅರಿಷಿಣಕ್ಕ ಕುಂದರೂದಿಲ್ಲ" ಎಂದುಬಿಟ್ಟಿದ್ದಳು. ಮೊಬೈಲುಗಳಲ್ಲಿ ಹುಡುಕಿದರೆ ಸಿಕ್ಕಿದ್ದು ಅರ್ಧ ಸಾಲು ಹಾಡು, ಅದರ ಮೇಲೆ ಯಾರೋ "ಚಾ ಬಂತೇನ?" ಎನ್ನುವುದು. ಆಗ ನನ್ನ ಅತ್ತೆ ಎದೆಯ ಮೇಲೆ ಕೈಯಿಟ್ಟು, "ನಮ್ಮ ಸುಜಾತಾನ ಕಡೆ ಪೂರಾ ಹಾಡ ಐತಿ, ಅಂಜಬ್ಯಾಡ" ಎಂದು ಅಕ್ಕನಿಗೆ ಮಾತು ಕೊಟ್ಟು ಬಂದಿದ್ದರು.

ಇನ್ನು ಖಂಡೆ ಪೂಜೆಯ ದಿನಕ್ಕೆ ಬರುತ್ತೇನೆ. ಯಂತ್ರಗಳಿಗೆ ಇಂದು ರಜೆ ಎಂದು ಬೆಳಿಗ್ಗೆ ನಾನೇ ಎಲ್ಲ ಸ್ವಿಚ್ಚು ಆರಿಸಿ ಹೂವು ತರಲು ಪೇಟೆಗೆ ಹೋದೆ. ಗಂಡ ಹೊರಗೆ ಗಾಡಿ ತೊಳೆಯುತ್ತಿದ್ದರು. ತಿರುಗಿ ಬಂದು ಒಳಗೆ ಕಾಲಿಟ್ಟರೆ, ಮಣೆಯ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಸಾಲಾಗಿ ಎಂಟು ಡಿಸ್ಕುಗಳು. ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ, ಮೇಲಿನಿಂದ ಹಿಡಿ ಹಿಡಿ ಅಕ್ಷತೆ. ಎರಡರ ಕೆಳಗೆ ವಸ್ತ್ರ ಒದ್ದೆಯಾಗಿತ್ತು.

"ಅತ್ತೀ! ಏನ್ರಿ ಇದು?"

"ಯಾಕ ಒದರತಿ? ಪೆಟಗಿಗೆ ಒಂದ ಹೂವ ಇಟ್ಟ ಕೈ ತೊಳಕೊಳ್ಳಾಕ ನಾ ಏನ ನಿನ್ನಂಗ ಮೈಗಳ್ಳಿ ಏನು? ಒಳಗಿನವನ್ನ ತಗದ ಒಂದೊಂದಕ್ಕ ಪೂಜಾ ಮಾಡೀನಿ."

"ಇವೆರಡು ಹಸಿ ಯಾಕ ಅದಾವ್ರಿ?"

"ಜಳಕ ಮಾಡಿಸಿದ್ನಿ. ಬಕೀಟಿನ್ಯಾಗ ಮುಳುಗಿಸಿದ್ರ ಬುಳುಬುಳು ಅಂತ ಗುಳ್ಳಿ ಬಿಟ್ಟೂವು. ಅಯ್ಯ, ಇದು ಉಸರಾಡತೈತಿ, ಜೀವ ಇರಬೇಕ ಅಂತ ಅಂಜಿ ಉಳದವಕ್ಕ ಬರೇ ಒಣಾ ಅರಬಿಲೆ ಒರಸಿದ್ನಿ."

ನಾನು ಬಾಯಿ ಬಡಿದುಕೊಂಡೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂದು ಕೂಗಿದೆ. ಜಳಕ ಮಾಡಿಸಲು ಇವೇನು ಎಮ್ಮೆಗಳೇ ಎಂದೆ. ಅತ್ತೆಯೂ ಬಿಡುವವರಲ್ಲ, ಹಬ್ಬದ ದಿನ ಮನೆಯಲ್ಲಿ ರಂಪ ಮಾಡುವ ಸೊಸೆಯನ್ನು ತಾವೆಲ್ಲೂ ನೋಡಿಲ್ಲ ಎಂದರು. ಗಂಡ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಒಳಗೆ ಬರುವುದು ಕ್ಷೇಮವಲ್ಲ ಎಂದು ಮತ್ತೆ ಗಾಡಿಯ ಕಡೆ ಹೋದರು. ಆ ಸಿಟ್ಟಿನಲ್ಲಿ ನನ್ನ ಬಾಯಿಂದ ಆ ಮಾತು ಬಂದುಬಿಟ್ಟಿತು.

"ಅದರಾಗ ಮಲ್ಲೇಶನ ಮದುವಿ ಇತ್ರಿ ಅತ್ತೀ. ದೊಡ್ಡವ್ವನ ಹಾಡ ಇದ್ದದ್ದ ಅದರಾಗ!"

ಅತ್ತೆಯ ಕೈಯಲ್ಲಿದ್ದ ಗಂಟೆ ಹಾಗೇ ನಿಂತಿತು. ಸೆರಗಿನಿಂದ ಆ ಎರಡು ಡಿಸ್ಕುಗಳ ನೀರು ಒರೆಸತೊಡಗಿದರು. "ನನ್ನ ಅಕ್ಕನ ದನೀನ ನಾನ ಕೈಯಾರ ತೊಳದ ಹಾಕಿದ್ನೇನ ಯವ್ವಾ?" ಎಂದರು. ಜಗಳದಲ್ಲಿ ಎಂದೂ ಸೋತವರಲ್ಲ ಅವರು. ಫೋನ್ ತೆಗೆದುಕೊಂಡು ಆಮ್ರಪಾಲಿಗೆ ಹಚ್ಚಿದೆ.

ಅವಳು ಮೊದಲು ನಕ್ಕಳು. ಅದೂ ಎಂಥ ನಗು, ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನಂತರ, "ಅಕ್ಕಾ, ಯಾವುದನ್ನೂ ಪೆಟಗ್ಯಾಗ ಹಾಕಬ್ಯಾಡ, ಕರೆಂಟ್ ಹಚ್ಚಬ್ಯಾಡ. ನಾ ಬರತೀನಿ" ಎಂದಳು. ಹುಕ್ಕೇರಿ ದಾಟಿ, ಘಟಪ್ರಭಾ ಹಾದು, ಮಧ್ಯಾಹ್ನದ ಊಟದ ಹೊತ್ತಿಗೆ ಸ್ಕೂಟಿಯಲ್ಲಿ ಬಂದಿಳಿದಳು. ಅತ್ತೆ ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಆಮ್ರಪಾಲಿ ಅದನ್ನು ಕೇಳಿ, "ಅವ್ವಾರ, ಮೊದಲ ಹೋಳಗಿ ಹಾಕ್ರಿ. ಹಸಗೊಂಡ ನಾ ಕೆಲಸ ಮಾಡೂದಿಲ್ಲ, ನೀವೂ ನನ್ನ ಜೋಡಿ ಉಣಬೇಕ" ಎಂದು ಪಟ್ಟು ಹಿಡಿದಳು. ಹೀಗೆ ಅತ್ತೆ ಎರಡು ತುತ್ತು ತಿಂದರು.

ಊಟದ ಎಲೆಯ ಮುಂದೆಯೇ ಅತ್ತೆ ಕೇಳಿದರು. "ಖರೆ ಹೇಳವ್ವಾ. ಎರಡ ಸತ್ತಾವ. ನಮ್ಮ ಅಕ್ಕನ ಹಾಡ ಅದಾವೋ ಹೋದೂವೋ?"

ಆಮ್ರಪಾಲಿ ತುಪ್ಪದ ಕೈ ನೆಕ್ಕಿದಳು. "ಎಂಟ ಮಂದಿ ಹಾಡೋರು ಕುಂತಾರ ಅನ್ರಿ. ಹಾಡ ಬಹಳ ದೊಡ್ಡದು, ಒಬ್ಬಾಕಿ ತಲ್ಯಾಗ ಹಿಡಿಸೂದಿಲ್ಲ. ಅದಕ್ಕ ನಾ ಏನ ಮಾಡೀನಿ, ಎಂಟ ಮಂದಿನ್ನ ನಾಕ ಜೋಡಿ ಮಾಡೀನಿ. ನುಡಿಗೆ ನಾಕ ಸಾಲ. ಒಂದೊಂದ ಜೋಡಿಗೆ ಒಂದೊಂದ ಸಾಲ ಹಂಚೀನಿ. ಜೋಡ್ಯಾಗಿನ ಇಬ್ಬರಿಗೂ ಅದ ಸಾಲ ಬಾಯಿಪಾಠ. ಒಬ್ಬಾಕಿ ದನಿ ಬಿತ್ತಂದ್ರ ಇನ್ನೊಬ್ಬಾಕಿ ಹೇಳತಾಳ. ಹಾಡ ನಿಂದರೂದಿಲ್ಲ."

"ಇಬ್ಬರದೂ ಬಿತ್ತಂದ್ರ?"

"ಬ್ಯಾರೆ ಬ್ಯಾರೆ ಜೋಡ್ಯಾಗಿನ ಇಬ್ಬರದು ಬಿದ್ರ ಚಿಂತಿಲ್ಲ. ಒಂದ ಜೋಡ್ಯಾಗಿನ ಇಬ್ಬರದೂ ಬಿದ್ರ ಎಲ್ಲಾ ನುಡ್ಯಾಗೂ ಆ ಸಾಲ ಮಾಯ. ಎಲ್ಲಾ ಮದುವಿಯೊಳಗೂ ತೂತ. ಅದನ್ನ ತಗೊಂಡ ಏನ ಮಾಡೂದು?"

ನನಗೆ ಬೆಳಗಾವಿಯ ಅಂಗಡಿಯವನೊಬ್ಬ ಹೇಳಿದ್ದು ನೆನಪಾಯಿತು. ಮೊದಲು ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಆಮೇಲೆ ಗುಂಪಿಗೆ ಗುಂಪನ್ನು ಜೋಡಿ ಮಾಡಬಹುದು, ಎಲ್ಲ ಒಂದೇ ಎಂದಿದ್ದ. ಅದನ್ನು ಹೇಳಿದೆ.

"ಹೆಂಗ ಒಂದ ಆಕ್ಕೈತಿ ಅಕ್ಕಾ?" ಎಂದು ಆಮ್ರಪಾಲಿ ನನ್ನ ಮೇಲೇ ಹರಿಹಾಯ್ದಳು. "ಹಂಗ ಮಾಡಿದ್ರ ಒಬ್ಬಾಕಿ ಕೆಮ್ಮಿದ್ರ ಆಕಿ ಗುಂಪಿಗೆ ಗುಂಪ ಎದ್ದ ಹೋಗತೈತಿ, ಯಾಕಂದ್ರ ಆಕಿ ಸಾಲ ಆ ಗುಂಪಿನ್ಯಾಗ ಮತ್ತೊಬ್ಬರಿಗೆ ಬರೂದಿಲ್ಲ. ಆಮ್ಯಾಲ ಉಳದ ಗುಂಪಿನ್ಯಾಗ ಯಾರರೆ ಒಬ್ಬರು ಕೆಮ್ಮಿದ್ರ ಸಾಕ, ಮಂಗಳಾರತಿ. ಅಷ್ಟ ಡಿಸ್ಕ, ಅಷ್ಟ ಖರ್ಚ, ಖರೆ ಗಟ್ಟಿತನ ಬ್ಯಾರೆ. ಜೋಡಿ ಒಳಗಿರಬೇಕ, ಹಂಚೂದು ಹೊರಗಿರಬೇಕ. ಇದಕ್ಕ ರೇಡ್ ಟೆನ್ ಅಂತಾರ."

ಹೆಸರು ಅತ್ತೆಗೆ ಬೇಕಿರಲಿಲ್ಲ. "ನಾ ತೊಳದದ್ದು ಒಂದ ಜೋಡಿದೋ, ಎರಡ ಜೋಡಿದೋ?" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಎಂಟನ್ನೂ ತೆಗೆದು ಒಂದೇ ಬುಟ್ಟಿಗೆ ಹಾಕಿದ್ದರು. ಆಮ್ರಪಾಲಿ ಮೇಲೆ ಅಂಟಿಸಿದ್ದ ನಂಬರಿನ ಚೀಟಿಗಳನ್ನು ಕೊಳೆ ಎಂದು ತಿಳಿದು ಉಗುರಿನಿಂದ ಕೆರೆದು ಸ್ವಚ್ಛ ಮಾಡಿದ್ದರು. ಹೇಳಿದೆನಲ್ಲ, ಅರ್ಧಮರ್ಧ ಕೆಲಸ ಗೊತ್ತಿಲ್ಲ. ಆದರೆ ಯಾವ ಗೂಡಿಗೆ ಯಾವುದನ್ನು ಹಾಕಿದರೂ ನಡೆಯುತ್ತದಂತೆ. ಪ್ರತಿ ಡಿಸ್ಕೂ ತಾನು ಯಾರು, ತನ್ನ ಜೋಡಿ ಯಾವುದು ಎಂದು ತನ್ನೊಳಗೇ ಬರೆದುಕೊಂಡಿರುತ್ತದೆ. ಆಮ್ರಪಾಲಿ ಒಣ ಕುಂಚದಿಂದ ಆರು ಡಿಸ್ಕುಗಳ ವಿಭೂತಿ ಒರೆಸಿದಳು, ಉಸಿರಾಡುವ ತೂತುಗಳನ್ನು ಟಾರ್ಚು ಹಾಕಿ ನೋಡಿದಳು. ನೀರು ಕುಡಿದ ಎರಡನ್ನು ಬದಿಗಿಟ್ಟಳು. ಆರನ್ನೂ ಪೆಟ್ಟಿಗೆಗೆ ಹಾಕಿ ಸ್ವಿಚ್ಚು ಒತ್ತಿದಳು.

ಪೆಟ್ಟಿಗೆ ಗುಂಯ್ ಎಂದಿತು. ಆಮೇಲೆ ಪೀಂ ಪೀಂ ಎಂದು ಅರಚತೊಡಗಿತು. ಪರದೆಯ ಮೇಲೆ ನಾಲ್ಕು ಜೋಡಿಗಳ ಹೆಸರು ಬಂತು. ಮೊದಲನೆಯ ಜೋಡಿ ಇಬ್ಬರೂ ಇದ್ದಾರೆ. ಎರಡನೆಯದರಲ್ಲಿ ಒಂದು ಇದೆ. ನಾಲ್ಕನೆಯದು ಇಬ್ಬರೂ ಇದ್ದಾರೆ. ಮೂರನೆಯದರ ಮುಂದೆ ಎರಡು ಕೆಂಪು ಗುರುತು.

ಆಮ್ರಪಾಲಿ ಪರದೆಯ ಹತ್ತಿರ ಮುಖ ಒಯ್ದು ಮತ್ತೊಮ್ಮೆ ಎಣಿಸತೊಡಗಿದಳು. ಅತ್ತೆ ಪರದೆ ಓದಲು ಬಾರದಿದ್ದರೂ ನಮ್ಮ ಮುಖ ಓದಿದರು. ಗೋಡೆಗೆ ಒರಗಿ ಕುಳಿತು, "ನೇತ್ರಾನ ಮುಂದ ನಾ ಹೇಳತೀನಿ. ನೀ ಹೇಳಬ್ಯಾಡ, ನಂದ ತಪ್ಪ" ಎಂದರು. ಅಷ್ಟು ಹೊತ್ತು ಅವರನ್ನು ಬೈದ ನನಗೆ ಈಗ ಅವರ ಪಕ್ಕದಲ್ಲಿ ಹೋಗಿ ಕೂರಬೇಕೆನಿಸಿತು. ಕುಳಿತೆ.

"ತಡೀರಿ," ಎಂದಳು ಆಮ್ರಪಾಲಿ. "ಆರ ಹಾಕೇನಿ. ಇಲ್ಲಿ ಎರಡು, ಒಂದು, ಎರಡು. ಐದ ಆದೂವು. ಇನ್ನೊಂದು ಎಲ್ಲಿ ಹೋತು?"

ನೋಡಿದರೆ ಒಂದು ಗೂಡಿನ ದೀಪ ಹತ್ತಿರಲೇ ಇಲ್ಲ. ಸ್ವಿಚ್ಚು ಆರಿಸಿ, ಆ ಡಿಸ್ಕನ್ನು ಹೊರಗೆಳೆದು ಹಿಂಬದಿಗೆ ಟಾರ್ಚು ಹಾಕಿದಳು. ಗೂಡಿಗೆ ಕಚ್ಚಿಕೊಳ್ಳುವ ಸೀಳಿನಲ್ಲಿ ಅರಿಷಿಣ ಬಣ್ಣದ ಒಂದು ಅಕ್ಕಿಕಾಳು ಸಿಕ್ಕಿಕೊಂಡು ಕುಳಿತಿತ್ತು. ಅಕ್ಷತೆ! ಅದನ್ನು ಚಿಮ್ಮಟದಿಂದ ಮೆಲ್ಲಗೆ ತೆಗೆದು ಅತ್ತೆಯ ಅಂಗೈ ಮೇಲಿಟ್ಟಳು. "ಅವ್ವಾರ, ನಿಮ್ಮ ಆಶೀರ್ವಾದ ಸ್ವಲ್ಪ ಒಳಗ ಹೋಗಿತ್ತ ನೋಡ್ರಿ."

ಮತ್ತೆ ಸ್ವಿಚ್ಚು ಒತ್ತಿದಾಗ ಆರೂ ದೀಪ ಹತ್ತಿದವು. ಮೂರನೆಯ ಜೋಡಿಯಲ್ಲಿ ಒಂದಕ್ಕೆ ಜೀವ ಬಂತು. ಅತ್ತೆ ತೊಳೆದ ಎರಡೂ ಬೇರೆ ಬೇರೆ ಜೋಡಿಯವು. ನಾನು ಕುಣಿದೆ. ನಿಜವಾಗಿ ಕುಣಿದೆ, ನಾಚಿಕೆಯೇನಿಲ್ಲ. ಗಂಡ ಈಗ ಕ್ಷೇಮವಿದೆ ಎಂದು ತಿಳಿದು ಒಳಗೆ ಬಂದರು.

"ಕುಣಿಯೂದು ಸಾಕ ಮಾಡಕ್ಕಾ. ಎರಡ ಜೋಡ್ಯಾಗ ಒಂದೊಂದ ಉಳದಾವು. ಅದರಾಗ ಒಂದು ಕೈ ಕೊಟ್ರೂ ಮುಗೀತು. ಮೊದಲ ಹಾಡ ಹೊರಗ ತಗಿ" ಎಂದಳು ಆಮ್ರಪಾಲಿ. ಮಲ್ಲೇಶನ ಮದುವೆಯನ್ನು ಬೇರೊಂದು ಡಿಸ್ಕಿಗೆ ಇಳಿಸಲು ಸಂಜೆಯವರೆಗೆ ಹಿಡಿಯಿತು. ಅಷ್ಟು ಹೊತ್ತು ಅಂಗಡಿಯಲ್ಲಿ ಯಾರನ್ನೂ ಸೀನಲೂ ಬಿಡಲಿಲ್ಲ ನಾನು. ಅತ್ತೆ ಆರತಿ ತಟ್ಟೆ ಹಿಡಿದು ಬಂದಾಗ ನಾನೂ ಆಮ್ರಪಾಲಿಯೂ ಒಟ್ಟಿಗೇ ಒದರಿದೆವು, ಅವರು ಬಾಗಿಲ ಹೊರಗಿನಿಂದಲೇ ಬೆಳಗಿ ಹೋದರು.

ಮರುದಿನ ಗಂಡ ಬೆಳಗಾವಿಗೆ ಹೋಗಿ ಎರಡು ಹೊಸ ಡಿಸ್ಕು ತಂದರು. ಖಾಲಿ ಗೂಡಿಗೆ ಹಾಕುತ್ತಲೇ ಉಳಿದ ಒಂಟಿಗಳು ತಮ್ಮಲ್ಲಿದ್ದುದನ್ನೆಲ್ಲ ಹೊಸ ಜೊತೆಗಾರರಿಗೆ ಹೇಳಿಕೊಡತೊಡಗಿದವು. ಆಮ್ರಪಾಲಿ ಫೋನಿನಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಳು. ಜೋಡಿ ಎಷ್ಟಿದ್ದರೂ ಪೆಟ್ಟಿಗೆ ಒಂದೇ. ಬರುವ ವರ್ಷ ಅವ್ವಾರು ಪೆಟ್ಟಿಗೆಯನ್ನೇ ಬಾವಿಗೆ ಇಳಿಸಿದರೆ ಏನು ಮಾಡುತ್ತೀರಿ, ಬೇರೆ ಊರಿನಲ್ಲಿ ಒಂದು ಕಾಪಿ ಇಡಿ ಎಂದಳು. ಹಾಗೆ ಮೂಡಲಗಿಯ ದೊಡ್ಡವ್ವನ ಟ್ರಂಕಿನಲ್ಲಿ, ಸೀರೆಗಳ ನಡುವೆ, ಒಂದು ಡಿಸ್ಕು ಹೋಗಿ ಕುಳಿತಿತು. ಅದನ್ನು ಕೊಡಲು ಹೋದ ಅತ್ತೆ ಮೂಡಲಗಿಯ ಓಣಿಯವರಿಗೆಲ್ಲ ಜೋಡಿಯ ಪಾಠ ಮಾಡಿ ಬಂದರು. ಡಿಸ್ಕು ತೊಳೆದವರು ಯಾರು ಎಂಬುದನ್ನು ಮಾತ್ರ ಆ ಪಾಠದಲ್ಲಿ ಸೇರಿಸಲಿಲ್ಲ.

ನೇತ್ರಾಳ ಅರಿಷಿಣದ ದಿನ ಅಂಗಳದಲ್ಲಿ ಹಂದರ, ನಡುವೆ ಮಣೆಯ ಮೇಲೆ ನೇತ್ರಾ, ಬದಿಗೆ ನನ್ನ ಲ್ಯಾಪ್‌ಟಾಪು, ಅದಕ್ಕೆ ಹಚ್ಚಿದ ದೊಡ್ಡ ಸ್ಪೀಕರು. ಭರಮವ್ವ ದೊಡ್ಡವ್ವ ಮೊಮ್ಮಗಳ ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಹಾಡು ಹಚ್ಚಿದೆ.

ಅರಿಷಿಣ ಅರದಾರ ಅಕ್ಕಗೋಳು ಐವರು
ಬಳಿ ಸಪ್ಪಳ ಕೇಳಿ ಬಳಗೆಲ್ಲ

ದೊಡ್ಡವ್ವನ ದನಿ! ಗಟ್ಟಿ, ಸ್ವಲ್ಪ ಒರಟು, ಓಣಿಯ ಆ ತುದಿಗೂ ಕೇಳುವ ದನಿ. ಹಿಂದೆಯೇ ಸ್ಪೀಕರಿನಲ್ಲಿ ಅತ್ತೆಯ ದನಿ ಅದನ್ನು ಎತ್ತಿತು. ಪಕ್ಕದಲ್ಲಿ ಕುಳಿತಿದ್ದ ಅತ್ತೆಯೂ ರೂಢಿಯ ಮೇಲೆ ಎತ್ತಿದರು. ನೇತ್ರಾ ಅತ್ತಳು, ನಕ್ಕಳು, ಮುಖದ ತುಂಬ ಅರಿಷಿಣ ಮಾಡಿಕೊಂಡಳು. ದೊಡ್ಡವ್ವ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಎರಡನೆಯ ನುಡಿಯ ನಡುವೆ ಕರೆಂಟು ಹೋಯಿತು.

ಸ್ಪೀಕರು ಸತ್ತಿತು. ಅರಿಷಿಣದ ಬಟ್ಟಲು ಹಿಡಿದ ಹೆಂಗಸರ ಕೈಗಳು ನಿಂತವು. ಹಾಡು ನಡುವೆ ಮುರಿದರೆ ಒಳ್ಳೆಯದಲ್ಲ ಎಂದು ಯಾರೋ ಗೊಣಗಿದರು. ನಾನು ಕಾಶಿನಾಥರ ಮೇಲೆ, ಜನರೇಟರ್ ತರದ ಹಂದರದವನ ಮೇಲೆ, ಕರೆಂಟಿನವರ ವಂಶದ ಮೇಲೆ ಹರಿಹಾಯಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಮುಂದಿನ ಸಾಲು ಹೇಳಿದರು. ಎತ್ತುವುದಲ್ಲ, ಹೇಳುವುದು. ಮುಂದಿನವರ ಸಾಲು. ಮೊದಲು ದನಿ ನಡುಗಿತು. ಅಕ್ಕನ ಕಡೆ ನೋಡಿದರು. ದೊಡ್ಡವ್ವನ ತಾಳ ನಿಂತಿರಲಿಲ್ಲ, ಇನ್ನೂ ಜೋರಾಯಿತು. ಅತ್ತೆ ಸಾಲು ಮುಗಿಸಿ ಕಾದರು, ಎತ್ತುವವರು ಯಾರೂ ಇಲ್ಲ. ಆಗ ನನ್ನ ಮೊಣಕಾಲಿಗೆ ಅತ್ತೆಯ ಏಟು ಬಿತ್ತು. "ಸುಮ್ಮ ಯಾಕ ಕುಂತಿ? ಎತ್ತ!"

ಎತ್ತಿದೆ. ಹೇಗೆ ಎತ್ತಿದೆ ಎಂದು ಕೇಳಬೇಡಿ. ಎರಡು ಕಡೆ ರಾಗ ತಪ್ಪಿತು, ಒಂದು ಕಡೆ ಮಾತೇ ತಪ್ಪಿತು, ನೇತ್ರಾಳ ಗೆಳತಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅತ್ತೆ ಕಣ್ಣು ಕೆಂಪಗೆ ಮಾಡಿ ನೋಡಿದರು, ಆದರೂ ಮುಂದಿನ ಸಾಲು ಹೇಳಿದರು. ಆಮೇಲೆ ಒಬ್ಬೊಬ್ಬರೇ ನನ್ನ ಜೊತೆ ಕೂಡಿದರು. ಒಂದು ನುಡಿ, ಇನ್ನೊಂದು, ಮತ್ತೊಂದು. ಅತ್ತೆಗೆ ಒಂದು ಅಕ್ಷರವೂ ಮರೆತಿರಲಿಲ್ಲ. ಅಷ್ಟು ವರ್ಷ ಅಕ್ಕ ಹೇಳಿದ್ದೆಲ್ಲ 'ಹಿಂದಿನವಳು' ಎನಿಸಿಕೊಂಡ ಇವರಲ್ಲಿ ಪೂರ್ತಿ ಇತ್ತು. ಅದನ್ನೇ ಯೋಚಿಸುತ್ತ ನಾನು ಒಂದು ಸಾಲು ಎತ್ತಲು ಮರೆತೆ, ಅದಕ್ಕೂ ಬೈಸಿಕೊಂಡೆ.

ಕರೆಂಟು ಬಂತು. ಬ್ಯಾಟರಿಯ ಮೇಲೆ ಓಡುತ್ತಲೇ ಇದ್ದ ಲ್ಯಾಪ್‌ಟಾಪಿನಿಂದ ದೊಡ್ಡವ್ವನ ಹಳೆಯ ದನಿ ಒಮ್ಮೆಲೇ ಸ್ಪೀಕರಿನಲ್ಲಿ ಎದ್ದು, ಅತ್ತೆಯ ದನಿಯ ಮೇಲೆ ಬಿತ್ತು. ಅತ್ತೆ ತಕ್ಷಣ ನಿಲ್ಲಿಸಿದರು. ಅಕ್ಕ ಹಾಡುವಾಗ ಮುಂದಿನ ಸಾಲು ಹೇಳುವುದುಂಟೇ?

ಭರಮವ್ವ ದೊಡ್ಡವ್ವ ಕುರ್ಚಿಯಿಂದ ಎದ್ದರು. ಸೀದಾ ಹೋಗಿ ಗೋಡೆಯ ಸ್ವಿಚ್ಚು ಆರಿಸಿದರು. ಆಮೇಲೆ ನನ್ನ ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು.

"ನಂದ ಇರಲಿ ಬಿಡ, ಎಲ್ಲಾ ಕಡೆ ಐತಿ. ಆಕಿದ ತುಂಬಕೋ. ಆಕಿದ ಇನ್ನೂ ಒಂದ ಕಡೆನ ಐತಿ."

ನಾನು ಗಂಡನ ಕಡೆ ತಿರುಗಿದೆ. ಅವರು ಕ್ಯಾಮೆರಾವನ್ನು ಮದುಮಗಳಿಂದ ಸರಿಸಿ ಅವರ ಅವ್ವನ ಕಡೆಗೆ ಹಿಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಮೊದಲ ಸಾಲಿನಿಂದ ಹೇಳತೊಡಗಿದರು.